ಕಿಟಕಿಯ ದೀಪಸ್ತಂಭ: ಬಿಲಿಂಗ್ಸ್ ಸಭೆಗಳ ಸಾಕ್ಷಿ

ದ್ವೇಷಕ್ಕೆ ಗುರಿಯಾದವರಿಗೆ ಸಭೆಯು ಸಲ್ಲಿಸಬೇಕಾದ ಸೇವೆ ಯಾವುದು? ಅಮೆರಿಕದ ಮೊಂಟಾನಾ ರಾಜ್ಯದ ಬಿಲಿಂಗ್ಸ್ ಪಟ್ಟಣದ 1993ರ ಚರಿತ್ರೆಯು ಈ ಪ್ರಶ್ನೆಯನ್ನು ಧ್ಯಾನಿಸಲು ನಮಗೆ ನೆರವಾಗುತ್ತದೆ.

ಆ ದಿನಗಳಲ್ಲಿ ಬಿಳಿಯರ ಶ್ರೇಷ್ಠತೆಯನ್ನು ಸಾರುವ ಗುಂಪುಗಳು ಅಲ್ಲಿ ತಲೆಯೆತ್ತಿದ್ದವು. ಆಫ್ರಿಕನ್ ಮೆಥೊಡಿಸ್ಟರ ಚಿಕ್ಕ ಸಭೆಯೊಂದರ ಆರಾಧನೆಗೆ ಆ ಗುಂಪಿನವರು ಬಂದು ಕುಳಿತು ಬೆದರಿಸಿದಾಗ, ಇತರ ಸಭೆಗಳ ವಿಶ್ವಾಸಿಗಳು ಬಂದು ಅಲ್ಲಿನವರೊಡನೆ ಆರಾಧಿಸಿದರು. ಮೂಲನಿವಾಸಿ ಮಹಿಳೆಯೊಬ್ಬರ ಮನೆಯ ಗೋಡೆಯ ಮೇಲೆ ದ್ವೇಷದ ಬರಹ ಕಂಡಾಗ, ಬಣ್ಣ ಬಳಿಯುವ ಕಾರ್ಮಿಕರ ಸಂಘದ ಸುಮಾರು 30 ಮಂದಿ ಕೂಲಿ ಪಡೆಯದೆ ಅದನ್ನು ಅಳಿಸಿದರು. ಡಿಸೆಂಬರಿನಲ್ಲಿ, ಹನುಕ್ಕಾ ಹಬ್ಬದ ದೀಪಸ್ತಂಭದ ಚಿತ್ರವಿದ್ದ ಯೆಹೂದಿ ಬಾಲಕನ ಕೋಣೆಯ ಕಿಟಕಿಯನ್ನು ಕಿಡಿಗೇಡಿಗಳು ಒಡೆದರು. ಆಗ ಮಾರ್ಗರೆಟ್ ಮ್ಯಾಕ್‌ಡೊನಾಲ್ಡ್ ಎಂಬ ಸಭಾಸೇವಕಿಯ ಸಲಹೆಯಂತೆ ಸಭೆಗಳು ದೀಪಸ್ತಂಭದ ಚಿತ್ರಗಳನ್ನು ಹಂಚಿದವು; ಬಿಲಿಂಗ್ಸ್ ಗೆಜೆಟ್ ಪತ್ರಿಕೆಯು ಅದನ್ನು ಪೂರ್ಣಪುಟದಲ್ಲಿ ಮುದ್ರಿಸಿತು. ಕ್ರೈಸ್ತರ ಕಿಟಕಿಗಳಲ್ಲಿ ಆ ಚಿತ್ರ ಕಂಡದ್ದೇ ತಡ, ಕೆಲವು ಮನೆಗಳ ಗಾಜುಗಳೂ ಮೆಥೊಡಿಸ್ಟ್ ದೇವಾಲಯವೊಂದರ ಗಾಜುಗಳೂ ಒಡೆದವು. ಆದರೂ ಚಿತ್ರಗಳು ಇಳಿಯಲಿಲ್ಲ. ಸಾವಿರಾರು ಕಿಟಕಿಗಳಿಗೆ ಹಬ್ಬಿದವು.

ಯೆಹೂದ್ಯರ ಮೇಲಿನ ದ್ವೇಷಕ್ಕೆ ಶತಮಾನಗಳ ಕಾಲ ಕ್ರೈಸ್ತಲೋಕವೇ ಆಸರೆಯಾಗಿತ್ತೆಂಬುದನ್ನು ಬಲ್ಲ ನಾವು ಇದನ್ನು ಹಗುರವಾಗಿ ಓದಲಾರೆವು. ಆ ಸಭೆಗಳು ಸಾಂತ್ವನದ ಮಾತಿಗೆ ನಿಲ್ಲದೆ, ನೆರೆಯವನಿಗೆ ಬಿದ್ದ ಪೆಟ್ಟಿನಲ್ಲಿ ತಾವೂ ಪಾಲು ತೆಗೆದುಕೊಂಡವು. 2008ರಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ ನಾವೂ ನೆರೆಯವರ ಕಡೆಗೆ ನೋಡಿದೆವು. ಅನ್ಯರ ಕಿಟಕಿ ಒಡೆದ ದಿನ ಅವರು ನಮ್ಮ ಕಡೆಗೆ ನೋಡಿದರೆ, ನಮ್ಮ ಕಿಟಕಿಯಲ್ಲಿ ಅವರಿಗೆ ಏನು ಕಂಡೀತು?