ಶರಾವತಿಯ ಚಕ್ರಗಳು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಕಮರಿಗೆ ಧುಮುಕುವ ಶರಾವತಿಯನ್ನು ಕಂಡು ಬೆರಗಾಗದವರು ವಿರಳ. 830 ಅಡಿಗಳ ಆ ಪತನದ ಸೊಬಗನ್ನು ಅನೇಕರು ಬಣ್ಣಿಸಿದ್ದಾರೆ. ಆ ನೀರು ಚಕ್ರಗಳನ್ನು ತಿರುಗಿಸಿದ ಬಗೆಯನ್ನು ನಾವು ಈ ಹೊತ್ತು ವಿಚಾರಿಸೋಣ.

ಬೀಸುವ ಕಲ್ಲಿನ ಗೂಟವನ್ನು ನಮ್ಮ ಹಿರಿಯರು ಅಂಚಿನಲ್ಲಿ ನೆಟ್ಟರೇ ಹೊರತು ನಡುವಿನ ಬಳಿಯಲ್ಲಲ್ಲ. ಬಲವೆಷ್ಟು ಎಂಬುದರೊಡನೆ, ಅದು ಕೇಂದ್ರದಿಂದ ಎಷ್ಟು ದೂರದಲ್ಲಿ ವರ್ತಿಸುತ್ತದೆಂಬುದೂ ಮುಖ್ಯ. ಇವೆರಡರ ಗುಣಲಬ್ಧವನ್ನು ನಾವು ತಿರುಗುಬಲವೆನ್ನೋಣ. ಭೌತವಿಜ್ಞಾನಿಗಳು ಟಾರ್ಕ್ ಎನ್ನುವುದು ಇದನ್ನೇ. ಒಂದು ತಟ್ಟೆಯ ಅಂಚಿನಲ್ಲಿ, ಕೇಂದ್ರದಿಂದ 2 ಮೀಟರ್ ದೂರದಲ್ಲಿ, 30 ನ್ಯೂಟನ್ ಬಲವು ಅಂಚಿನ ನೇರಕ್ಕೆ ಬಲಗಡೆಗೆ ತಿರುಗಿಸಲೆಳಸುತ್ತದೆಯೆಂದು ಭಾವಿಸೋಣ: ತಿರುಗುಬಲ 60. ಕೇಂದ್ರದಿಂದ 1 ಮೀಟರ್ ದೂರದಲ್ಲಿ 40 ನ್ಯೂಟನ್ ಬಲವು ಹಾಗೆಯೇ ಎಡಗಡೆಗೆ ತಿರುಗಿಸಲೆಳಸಿದರೆ 40. ಮೂರನೆಯ ಬಲ 50 ನ್ಯೂಟನ್ ಇದ್ದರೂ ನೇರವಾಗಿ ಕೇಂದ್ರದ ಕಡೆಗೇ ಒತ್ತುವುದರಿಂದ ಅದರ ಪಾಲು ಸೊನ್ನೆ. ಉಳಿದದ್ದು ಬಲಗಡೆಗೆ 20. ಮೂರರಲ್ಲಿ ಅತ್ಯಲ್ಪವಾದ ಬಲವೇ ಇಲ್ಲಿ ಗೆದ್ದಿತು!

ಈ ತತ್ತ್ವವನ್ನು ಮೈಸೂರು ಸಂಸ್ಥಾನವು ಜೋಗದಲ್ಲಿ ಬೃಹತ್ತಾಗಿ ಪ್ರಯೋಗಿಸಿತು. 1939ರಲ್ಲಿ ಆರಂಭವಾದ ಕಾರ್ಯವು ಮಹಾಯುದ್ಧದ ವರ್ಷಗಳನ್ನು ದಾಟಿ 1948ರಲ್ಲಿ ಫಲಿಸಿತು. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ನಿಂತ ನೀರು ಕೊಳವೆಗಳಲ್ಲಿಳಿದು ಪೆಲ್ಟನ್ ಚಕ್ರಗಳ ಅಂಚಿನ ಬಟ್ಟಲುಗಳಿಗೆ ಅಪ್ಪಳಿಸಿತು. ಮೊದಲು ಕೃಷ್ಣರಾಜೇಂದ್ರರ ಹೆಸರನ್ನು ಹೊತ್ತ ಆ ಕೇಂದ್ರವು ಬಳಿಕ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. ಮುಂದೆ ಅಲ್ಲಿನ ಎಂಟು ಯಂತ್ರಗಳ ಸಾಮರ್ಥ್ಯ 1,20,000 ಕಿಲೋವಾಟ್ ಆಯಿತು.

ನೀರು ಒಂದೇ ಸಮನೆ ನೂಕುತ್ತಿದ್ದರೆ ಚಕ್ರದ ವೇಗವು ಏರುತ್ತಲೇ ಹೋಗಬೇಕಲ್ಲವೇ ಎಂದು ಕೇಳಬಹುದು. ವಿದ್ಯುತ್ತನ್ನು ಹುಟ್ಟಿಸುವ ಯಂತ್ರದ ಕಾಂತಶಕ್ತಿಯು ಅದನ್ನು ಹಿಂದಕ್ಕೆ ತಡೆಯುತ್ತದೆ. ಘರ್ಷಣೆಯೂ ಅದರೊಡನೆ ಸೇರುತ್ತದೆ. ಎರಡು ಪಕ್ಷಗಳೂ ಸಮವಾದಾಗ ನಿವ್ವಳ ತಿರುಗುಬಲ ಸೊನ್ನೆ. ಆಗ ಚಕ್ರವು ನಿಲ್ಲುವುದಿಲ್ಲ; ಒಂದೇ ವೇಗದಲ್ಲಿ ಸುತ್ತುತ್ತದೆ. ಸಂಜೆ ದೂರದ ಪಟ್ಟಣಗಳಲ್ಲಿ ದೀಪಗಳು ಹೊತ್ತಿದೊಡನೆ ತಡೆಯು ಹೆಚ್ಚಿ ಚಕ್ರವು ಕಿಂಚಿತ್ತು ನಿಧಾನವಾಗುತ್ತದೆ. ವೇಗನಿಯಂತ್ರಕವು ಅದನ್ನರಿತು ನೀರಿನ ಬಾಯನ್ನು ಇನ್ನಷ್ಟು ತೆರೆಯುತ್ತದೆ. ನಾವು ಮನೆಯಲ್ಲಿ ಗುಂಡಿಯನ್ನೊತ್ತುವುದು ಶರಾವತಿಯ ಚಕ್ರಕ್ಕೆ ತಿಳಿಯುತ್ತದೆ.

ಲೆಕ್ಕದಲ್ಲಿ ಒಂದು ಬಲವನ್ನು ಬಿಟ್ಟರೂ ಉತ್ತರ ತಪ್ಪುತ್ತದೆ. ಚರಿತ್ರೆಯ ಲೆಕ್ಕಕ್ಕೂ ಈ ಎಚ್ಚರ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಿರೇಭಾಸ್ಕರವೇ ನೀರಿನಡಿಗೆ ಸರಿಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳೂ ಗದ್ದೆ ತೋಟಗಳೂ ಮುಳುಗಿದವು. ಅನೇಕ ಕುಟುಂಬಗಳು ನೆಲೆ ತೊರೆದು ಹೊರಟವು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಆ ಹಳೆಯ ಅಣೆಕಟ್ಟೆ ಇಂದಿಗೂ ತಲೆಯೆತ್ತುತ್ತದೆ. ನಾಡಿಗೆ ದೊರೆತ ಬೆಳಕನ್ನು ಎಣಿಸುವಾಗ, ಆ ನೀರಿನಡಿಯಲ್ಲಿ ಉಳಿದ ಮನೆಯಂಗಳಗಳನ್ನೂ ನಾವು ಎಣಿಸತಕ್ಕದ್ದು.