ಚೀನದಲ್ಲಿ ಪ್ರಭುವೂ ಪ್ರಜೆಯೂ

ಚೀನದ ಜನ ಸ್ವಭಾವತಃ ವಿಧೇಯರು, ತಲೆಯ ಮೇಲೆ ಯಾರು ಕುಳಿತರೂ ಸಹಿಸಿಕೊಳ್ಳುವವರು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ತಂದೆಗೆ ಮಗ, ಅಣ್ಣನಿಗೆ ತಮ್ಮ, ದೊರೆಗೆ ಪ್ರಜೆ ತಲೆಬಾಗಬೇಕೆಂದು ಕನ್‌ಫ್ಯೂಷಿಯಸ್ ಕಲಿಸಿದನಲ್ಲವೇ, ಅದರ ಫಲವಿದು ಎಂದು ಕಾರಣವನ್ನೂ ಜೊತೆಗೇ ಹೇಳುವುದುಂಟು. ಆದರೆ ಆ ದೇಶದ ಚರಿತ್ರೆಯನ್ನು ತೆರೆದು ನೋಡಿದರೆ ಬೇರೊಂದು ಚಿತ್ರ ಕಣ್ಣಿಗೆ ಬೀಳುತ್ತದೆ. ಅಲ್ಲಿ ರೈತರು ದಂಗೆಯೆದ್ದು ಸಿಂಹಾಸನವನ್ನೇ ಉರುಳಿಸಿದ ಪ್ರಸಂಗಗಳು ಒಂದೆರಡಲ್ಲ. ವಿಧೇಯತೆಯೂ ದಂಗೆಯೂ ಒಂದೇ ಮನೆಯಲ್ಲಿ ಹೇಗೆ ಬಾಳಿದವು ಎಂಬುದೇ ಇಲ್ಲಿ ಯೋಚಿಸಬೇಕಾದ ಸಂಗತಿ.

ಕ್ರಿ. ಪೂ. 11ನೆಯ ಶತಮಾನದಲ್ಲಿ ಝೌ ಮನೆತನದವರು ಶಾಂಗ್ ಅರಸರನ್ನು ಸೋಲಿಸಿ ರಾಜ್ಯವನ್ನು ಕಿತ್ತುಕೊಂಡರು. ಕಿತ್ತುಕೊಂಡದ್ದನ್ನು ಧರ್ಮವೆಂದು ತೋರಿಸಬೇಕಲ್ಲ! ಅದಕ್ಕಾಗಿ ಅವರು ಮುಂದಿಟ್ಟ ತತ್ತ್ವಕ್ಕೆ 'ತಿಯೆನ್‌ಮಿಂಗ್' ಎಂದು ಹೆಸರು. ಮುಗಿಲಿನ ಅಪ್ಪಣೆ ಎಂದು ಅರ್ಥ. ಆಳುವ ಅಪ್ಪಣೆಯನ್ನು ಕೊಡುವುದು ಮುಗಿಲು. ಅರಸ ದುಷ್ಟನಾದರೆ ಅದೇ ಮುಗಿಲು ಅಪ್ಪಣೆಯನ್ನು ಹಿಂದಕ್ಕೆ ಪಡೆದು ಯೋಗ್ಯನಾದ ಇನ್ನೊಬ್ಬನಿಗೆ ಕೊಡುತ್ತದೆ. ಬರ, ನೆರೆ, ಭೂಕಂಪಗಳು ಅದರ ಮುನ್ಸೂಚನೆಗಳು. ನಮ್ಮ ಪುರಾಣದ ವೇನರಾಜನ ಕಥೆ ಇಲ್ಲಿ ನೆನಪಾಗದಿರದು. ಆದರೆ ಅಲ್ಲಿ ದುಷ್ಟ ದೊರೆಯನ್ನು ಕೊಂದವರು ಋಷಿಗಳು, ಚೀನದಲ್ಲಿ ಆ ಕೆಲಸ ಗುದ್ದಲಿ ಹಿಡಿದವರ ಪಾಲಿಗೂ ಬಂತು. ಇಂದಿಗೂ ಚೀನೀ ಭಾಷೆಯಲ್ಲಿ ಕ್ರಾಂತಿಗೆ 'ಗೆಮಿಂಗ್' ಎನ್ನುತ್ತಾರೆ. ಬಿಡಿಸಿ ನೋಡಿದರೆ ಅಪ್ಪಣೆಯ ಬದಲಾವಣೆ ಎಂದೇ ಆಗುತ್ತದೆ. ಶಬ್ದಗಳ ಬೇರು ಹುಡುಕುವ ಚಪಲವುಳ್ಳ ನನ್ನಂಥವರಿಗೆ ಈ ಒಂದು ಮಾತೇ ಒಂದು ಅಧ್ಯಾಯಕ್ಕೆ ಸಮ.

ಕ್ರಿ. ಪೂ. 4ನೆಯ ಶತಮಾನದ ಮೆನ್ಷಿಯಸ್ ಈ ವಿಚಾರವನ್ನು ಇನ್ನೂ ಹರಿತಗೊಳಿಸಿದ. ರಾಜ್ಯದಲ್ಲಿ ಮೊದಲ ಸ್ಥಾನ ಜನರದು, ಕೊನೆಯ ಸ್ಥಾನ ದೊರೆಯದು ಎಂಬುದು ಅವನ ಮತ. ಜನಕಂಟಕನಾದವನು ದೊರೆಯೇ ಅಲ್ಲ, ಆದ್ದರಿಂದ ಅವನ ವಧೆ ರಾಜಹತ್ಯೆಯಲ್ಲ ಎಂದು ಒಬ್ಬ ಅರಸನ ಮುಖಕ್ಕೇ ಹೇಳಿದ ಧೀರ ಅವನು. ಈ ಗ್ರಂಥದ ಮೇಲೆ ಅತಿ ಹೆಚ್ಚು ಸಿಟ್ಟಾದವನು ಯಾರೆಂದು ಕೇಳಿದರೆ ಓದುಗರಿಗೆ ಆಶ್ಚರ್ಯವಾದೀತು. ಮಿಂಗ್ ವಂಶದ ಸ್ಥಾಪಕ ಜು ಯುವಾನ್‌ಜಾಂಗ್ ಬಡ ರೈತನ ಮಗ. 1344ರ ಬರ ಮತ್ತು ರೋಗದಲ್ಲಿ ತಂದೆ ತಾಯಿಗಳನ್ನು ಕಳೆದುಕೊಂಡು, ಬೌದ್ಧ ವಿಹಾರ ಸೇರಿ, ಭಿಕ್ಷೆಯೆತ್ತಿ ಬದುಕಿದವನು. ಮುಂದೆ ದಂಗೆಕೋರರ ನಾಯಕನಾಗಿ 1368ರಲ್ಲಿ ಚಕ್ರವರ್ತಿಯಾದ. ಮೆನ್ಷಿಯಸ್ ಹೇಳಿದ್ದಕ್ಕೆ ಇವನೇ ಜೀವಂತ ಉದಾಹರಣೆ. ಆದರೂ 1394ರಲ್ಲಿ ಆ ಗ್ರಂಥದಿಂದ 85 ಭಾಗಗಳನ್ನು ತೆಗೆಸಿಹಾಕಿದ, ಅವುಗಳಿಂದ ಪರೀಕ್ಷೆಗೆ ಪ್ರಶ್ನೆ ಕೊಡಕೂಡದೆಂದೂ ಕಟ್ಟುಮಾಡಿಸಿದ. ಏಣಿ ಹತ್ತಿ ಅಟ್ಟ ಸೇರಿದವನು ಏಣಿಯನ್ನು ಒದೆಯುವುದೆಂದರೆ ಇದೇ.

ಏಣಿಯ ಮೊದಲ ಮೆಟ್ಟಿಲನ್ನು ಇಟ್ಟವನು ಚೆನ್ ಷೆಂಗ್ ಎಂಬ ಕೂಲಿಯಾಳು. ಚಿನ್ ಸಾಮ್ರಾಟ ಕ್ರಿ. ಪೂ. 221ರಲ್ಲಿ ಇಡೀ ಚೀನವನ್ನು ಒಂದುಗೂಡಿಸಿದ್ದ; ಅವನ ಮರಣವಾದ ಮರುವರ್ಷ, ಕ್ರಿ. ಪೂ. 209ರಲ್ಲಿ, ಗಡಿಕಾವಲಿಗೆಂದು 900 ಮಂದಿಯನ್ನು ಹಿಡಿದು ಕಳಿಸಲಾಯಿತು. ದಾರಿಯಲ್ಲಿ ಜಡಿಮಳೆ, ಹಾದಿಯೆಲ್ಲ ನೀರು. ಗಡುವಿಗೆ ತಲುಪದಿದ್ದರೆ ಮರಣದಂಡನೆ, ಓಡಿಹೋದರೂ ಮರಣದಂಡನೆ. ಹಾಗಿದ್ದ ಮೇಲೆ ದಂಗೆಯೆದ್ದೇ ಸಾಯಬಾರದೇಕೆ ಎಂದು ಚೆನ್ ಷೆಂಗನೂ ಅವನ ಜೊತೆಗಾರ ವು ಗುವಾಂಗನೂ ಲೆಕ್ಕ ಹಾಕಿದರು. ಚೆನ್ ಷೆಂಗ್ ದೊರೆಯಾಗುವನೆಂದು ರೇಷ್ಮೆ ಚಿಂದಿಯ ಮೇಲೆ ಬರೆದು ಮೀನಿನ ಹೊಟ್ಟೆಯಲ್ಲಿ ಸೇರಿಸಿದರು. ಅದನ್ನು ಕೊಯ್ದ ಸೈನಿಕರು ಬೆರಗಾದರು. ರಾತ್ರಿ ಗುಡಿಯ ಬಳಿ ನರಿಯ ದನಿಯಲ್ಲಿ ಅದೇ ಮಾತು ಕೇಳಿಸಿತು! ಅರಸರೂ ಮಂತ್ರಿಗಳೂ ಬೇರೆ ಬೀಜದಿಂದ ಹುಟ್ಟಿದವರೇನು ಎಂದು ಆ ಕೂಲಿಯಾಳು ತನ್ನವರನ್ನು ಕೇಳಿದನೆಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಆರು ತಿಂಗಳೊಳಗೆ ಚೆನ್ ಷೆಂಗ್ ತನ್ನ ಸಾರಥಿಯ ಕೈಯಲ್ಲೇ ಹತನಾದ. ಆದರೆ ಹತ್ತಿದ ಬೆಂಕಿ ಆರಲಿಲ್ಲ, ಎರಡು ಮೂರು ವರ್ಷಗಳಲ್ಲಿ ಚಿನ್ ಸಾಮ್ರಾಜ್ಯವೇ ಬೂದಿಯಾಯಿತು. 1975ರಲ್ಲಿ ಹುಬೆ ಪ್ರಾಂತದ ಒಂದು ಸಮಾಧಿಯಲ್ಲಿ ಚಿನ್ ಕಾಲದ ಕಾನೂನು ಬರೆದ ಬಿದಿರುಪಟ್ಟಿಗಳು ಸಿಕ್ಕಿದವು. ಬಿಟ್ಟಿ ಕೆಲಸಕ್ಕೆ ತಡವಾಗಿ ಬಂದವರಿಗೆ ಅವುಗಳಲ್ಲಿ ಹೇಳಿರುವುದು ಬೈಗುಳ, ಹೆಚ್ಚೆಂದರೆ ಜುಲ್ಮಾನೆ. ಮಳೆಯಾದರೆ ವಿನಾಯಿತಿಯೂ ಉಂಟು. ಗಡಿಕಾವಲಿಗೂ ಅದೇ ನಿಯಮ ಸಲ್ಲುತ್ತಿತ್ತೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ.

ದಂಗೆಗೆ ಮುಂಚಿನ ಮೆಟ್ಟಿಲು ಮೊರೆ. ದೂರು ಹೊತ್ತ ಪ್ರಜೆ ಬಡಿಯಲೆಂದು ರಾಜಧಾನಿಯಲ್ಲಿ ಒಂದು ನಗಾರಿಯನ್ನು ಇಡುವ ಪದ್ಧತಿ ಚೀನದಲ್ಲಿ ಹಳೆಯದು. ಸುಂಗ್ ವಂಶದವರ ಕಾಲದಲ್ಲಿ ಅದಕ್ಕೊಂದು ಕಚೇರಿಯೇ ಇತ್ತು. 993ರಲ್ಲಿ ಒಬ್ಬ ಸಾಮಾನ್ಯ ಮನುಷ್ಯ ನಗಾರಿ ಬಾರಿಸಿ, ತನ್ನ ಆಳು ಒಂದು ಹಂದಿಯನ್ನು ಕಳೆದುಬಿಟ್ಟನೆಂದು ಚಕ್ರವರ್ತಿಗೆ ದೂರಿತ್ತ. ತಾಯ್‌ಝುಂಗ್ ಚಕ್ರವರ್ತಿ ಅವನಿಗೆ ಸಾವಿರ ಕಾಸು ಕೊಡಿಸಿದನಂತೆ. ಇಂಥದ್ದನ್ನೂ ನಾನೇ ವಿಚಾರಿಸಬೇಕಾಗಿ ಬಂದದ್ದು ನಗೆಯ ಮಾತೆಂದನಂತೆ. ಆದರೆ ಈ ಔದಾರ್ಯಕ್ಕೆ ಇನ್ನೊಂದು ಮುಖವೂ ಇದೆ. ಮಿಂಗ್ ಮತ್ತು ಚಿಂಗ್ ವಂಶಗಳ ಕಾನೂನಿನಲ್ಲಿ ಸ್ಥಳದ ಅಧಿಕಾರಿಯನ್ನು ದಾಟಿ ಮೇಲಿನವರಿಗೆ ದೂರು ಒಯ್ದರೆ 50 ಛಡಿಯೇಟು. ಆದರೂ ಜನ ಒಯ್ಯುತ್ತಲೇ ಇದ್ದರು. ದೂರದ ಚಕ್ರವರ್ತಿ ಒಳ್ಳೆಯವನು, ಕೆಡಿಸುವವರು ಹತ್ತಿರದ ಅಧಿಕಾರಿಗಳು ಎಂಬ ನಂಬಿಕೆ ಅಷ್ಟು ಆಳವಾಗಿತ್ತು. ಈ ನಂಬಿಕೆಯಿಂದ ಅರಮನೆಗಾದ ಲಾಭ ಅಷ್ಟಿಷ್ಟಲ್ಲ ಎಂದು ನನ್ನ ಎಣಿಕೆ.

1912ರಲ್ಲಿ ಕೊನೆಯ ಚಕ್ರವರ್ತಿ ಸಿಂಹಾಸನ ಬಿಟ್ಟ. 1949ರಲ್ಲಿ ಕಮ್ಯೂನಿಸ್ಟರು ಅಧಿಕಾರಕ್ಕೆ ಬಂದರು. ನಗಾರಿಯ ಜಾಗಕ್ಕೆ ಅರ್ಜಿ ಕಚೇರಿ ಬಂತು. ಜನರ ಪತ್ರಗಳನ್ನೂ ಭೇಟಿಗಳನ್ನೂ ವಿಚಾರಿಸುವ ವಿಷಯವಾಗಿ 1951ರಲ್ಲೇ ಸರ್ಕಾರ ಆಜ್ಞೆ ಹೊರಡಿಸಿತು. ಹಳೆಯ ನಂಬಿಕೆಯೂ ಹಾಗೆಯೇ ಉಳಿಯಿತು. 1993ರಲ್ಲಿ ಸಿಚುವಾನ್ ಪ್ರಾಂತದ ರೆನ್‌ಷೌದಲ್ಲಿ ರೈತರು ಸ್ಥಳೀಯ ತೆರಿಗೆಗಳ ವಿರುದ್ಧ ಎದ್ದಾಗ ಅವರ ಆಧಾರ ಕೇಂದ್ರ ಸರ್ಕಾರದ ನಿಯಮಗಳೇ. ನಿಮ್ಮ ಕಾನೂನನ್ನು ನಿಮ್ಮ ಅಧಿಕಾರಿಗಳೇ ಮೀರುತ್ತಿದ್ದಾರೆ ಎಂಬುದೇ ವಾದ. ಸರ್ಕಾರವೇ ಕೊಟ್ಟ ಲೆಕ್ಕದಂತೆ ಇಂಥ ಜನಸಮೂಹದ ಪ್ರತಿಭಟನೆಗಳು ಆ ವರ್ಷ 8,700, 2004ರಲ್ಲಿ 74,000. 2006ರಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಕೃಷಿ ತೆರಿಗೆ ರದ್ದಾಯಿತು.

1989ರ ಏಪ್ರಿಲ್ 22ರಂದು ಮೂವರು ವಿದ್ಯಾರ್ಥಿಗಳು ಬೀಜಿಂಗಿನ ಜನತಾ ಮಹಾಭವನದ ಮೆಟ್ಟಿಲುಗಳ ಮೇಲೆ ಮಂಡಿಯೂರಿ, ಅರ್ಜಿಯ ಸುರುಳಿಯನ್ನು ತಲೆಯ ಮೇಲೆ ಎತ್ತಿಹಿಡಿದಿದ್ದರು. ಗಣರಾಜ್ಯದ ಮಕ್ಕಳು, ಭಂಗಿ ಮಾತ್ರ ಮಿಂಗರ ಕಾಲದ್ದು. ಅದನ್ನು ತೆಗೆದುಕೊಳ್ಳಲು ಪ್ರಧಾನಿ ಹೊರಗೆ ಬರಲಿಲ್ಲ. ಜೂನ್ 4ರ ವೇಳೆಗೆ ಬೀದಿಗಳಲ್ಲಿ ಟ್ಯಾಂಕುಗಳಿದ್ದವು.

2011ರಲ್ಲಿ ಗುವಾಂಗ್‌ಡಾಂಗ್ ಪ್ರಾಂತದ ವುಕಾನ್ ಎಂಬ ಹಳ್ಳಿಯವರು ಜಮೀನಿನ ವ್ಯಾಜ್ಯದಲ್ಲಿ ಅಧಿಕಾರಿಗಳನ್ನು ಊರಿನಿಂದಲೇ ಹೊರಗಟ್ಟಿದರು. ಆಗಲೂ ಅವರು ಮೊರೆಯಿಟ್ಟದ್ದು ಕೇಂದ್ರದ ಪಕ್ಷಕ್ಕೇ. ಮರುವರ್ಷ ಚುನಾವಣೆ ನಡೆದು ಅವರ ಮುಖಂಡನೇ ಊರಿನ ಯಜಮಾನನಾದ. 2016ರಲ್ಲಿ ಅವನಿಗೆ ಸೆರೆಮನೆಯಾಯಿತು.

2022ರ ನವೆಂಬರ್ 24ರಂದು ಊರುಂಚಿ ನಗರದ ವಸತಿಕಟ್ಟಡವೊಂದಕ್ಕೆ ಬೆಂಕಿ ಬಿದ್ದು 10 ಮಂದಿ ಸತ್ತರು. ಕೊರೋನಾ ಕಾಲದ ಕಟ್ಟುಪಾಡುಗಳಿಂದಲೇ ಅವರು ಹೊರಬರಲಾಗಲಿಲ್ಲ ಎಂದು ಜನ ಆಡಿಕೊಂಡರು, ಸರ್ಕಾರ ಅಲ್ಲಗಳೆಯಿತು. ಹಲವು ನಗರಗಳಲ್ಲಿ ತರುಣರು ಬಿಳಿಯ ಹಾಳೆ ಹಿಡಿದು ಬೀದಿಗೆ ಬಂದರು. ಹಾಳೆಯಲ್ಲಿ ಒಂದಕ್ಷರವೂ ಇಲ್ಲ. ಇದನ್ನು ಅರ್ಜಿಯೆನ್ನೋಣವೇ? ಶಾಂಘಾಯಿಯಲ್ಲಂತೂ ಕೆಲವರು ಹತ್ತಿರದ ಅಧಿಕಾರಿಯನ್ನು ಬಿಟ್ಟು, ದೂರದ ದೊರೆಯೇ ಇಳಿಯಲಿ ಎಂದು ಕೂಗಿದರು. ಡಿಸೆಂಬರ್ 7ರಂದು ಕಟ್ಟುಪಾಡುಗಳು ಬಹುಮಟ್ಟಿಗೆ ಸಡಿಲವಾದವು. ಹಾಳೆ ಹಿಡಿದು ನಿಂತವರಲ್ಲಿ ಕೆಲವರನ್ನು ಪೊಲೀಸರು ಮನೆಗಳಿಂದ ಕರೆದೊಯ್ದರು.