ಉಲ್ಹಾಸ ನದಿಯ ಜಲಪರ್ಣಿ: ಕಳೆಯೂ ನಾರೂ

ಕಲ್ಯಾಣದ ಬಳಿಯ ಮೋಹನೆಯಲ್ಲಿ ಬೇಸಗೆಯ ದಿನಗಳಲ್ಲಿ ಉಲ್ಹಾಸ ನದಿಯ ನೀರು ಹಸುರು ಹೊದಿಕೆಯಡಿ ಮರೆಯಾಗುವುದುಂಟು. ಮರಾಠಿಗರು ಇದನ್ನು ಜಲಪರ್ಣಿಯೆನ್ನುತ್ತಾರೆ. ಕನ್ನಡಿಗರಲ್ಲಿ ಅಂತರಗಂಗೆಯೆಂಬ ಹೆಸರು ರೂಢಿಗೆ ಬಂದಿದೆಯಾದರೂ ಅದು ವಾಸ್ತವವಾಗಿ ಬೇರೊಂದು ತೇಲುಗಿಡಕ್ಕೆ ಸಲ್ಲತಕ್ಕ ಹೆಸರು. ನಸುನೇರಿಳೆ ಹೂವಿನ ಈ ಸಸ್ಯ ದಕ್ಷಿಣ ಅಮೆರಿಕೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಹೂವಿನ ಚೆಲುವೇ ಅದನ್ನು ಬಂಗಾಳಕ್ಕೆ ತಂದಿತು.

ಈ ಪೀಡೆಯಿಂದ ಪ್ರಯೋಜನ ಪಡೆಯುವ ಹಂಬಲ ಹೊಸತಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪೊಟ್ಯಾಷ್ ಬರುವುದು ನಿಂತಾಗ, ಬಂಗಾಳದಲ್ಲಿ ಈ ಗಿಡದ ಬೂದಿಗೆ ಬೆಲೆ ಬಂದಿತು. ಯುದ್ಧ ಮುಗಿದು ಜರ್ಮನ್ ಸರಕು ಮರಳಿದೊಡನೆ ಆ ಆಸೆಯೂ ಬಾಡಿತು. ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ 1921ರಲ್ಲಿ ನೇಮಕಗೊಂಡ ಸಮಿತಿಯ ಬಳಿಕವೂ ವಿವಾದ ಮುಗಿಯಲಿಲ್ಲ. ಬೆಲೆ ಬಂದ ಕಳೆಯನ್ನು ಜನ ಬೆಳೆಸಲಾರರೇ ಎಂಬ ಶಂಕೆ ಆ ಚರ್ಚೆಯ ತಿರುಳು. 1936ರ ಬಂಗಾಳ ಕಾಯಿದೆ ನಾಶದ ಪಕ್ಷವನ್ನೇ ಹಿಡಿಯಿತು. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಹೊರದೇಶದ ಸೊಂಡಿಲಕೀಟಗಳನ್ನು ಕೆರೆಗಳಿಗೆ ಬಿಟ್ಟುದೂ ಅದೇ ದಾರಿಯೇ.

ಕಲ್ಯಾಣದ ಪ್ರಸಂಗದಲ್ಲಿ ಒಂದು ವಿಲಕ್ಷಣ ಸಂಗತಿಯಿದೆ. ಇದೇ ಮೋಹನೆಯಲ್ಲಿ 1946ರಲ್ಲಿ ಸ್ಥಾಪಿತವಾದ ನ್ಯಾಷನಲ್ ರೇಯಾನ್ ಕಾರ್ಖಾನೆ 2009ರವರೆಗೆ ನಡೆಯಿತು. ಸನಿಹದ ಶಹಾಡದಲ್ಲಿ ಸೆಂಚುರಿ ರೇಯಾನ್ 1950ರ ದಶಕದಲ್ಲಿ ತಲೆಯೆತ್ತಿತು. ರೇಯಾನೆಂದರೆ ಸಸ್ಯದ ಸೆಲ್ಯುಲೋಸನ್ನು ಕರಗಿಸಿ ನೂಲಾಗಿಸುವ ವಿದ್ಯೆ. ಅದಕ್ಕೆ ಬೇಕಾದ ತಿರುಳು ಮರದ್ದು. ದಂಡೆಯಲ್ಲಿ ಉಚಿತವಾಗಿ ಬೆಳೆಯುವ ಹಸುರಿನದಲ್ಲ. ಮರದ ತಿರುಳಿಗೆ ತೆರಬೇಕಾದ ಬೆಲೆಯನ್ನು ಕನ್ನಡನಾಡು ಬಲ್ಲದು: ಹರಿಹರದ ಪಾಲಿಫೈಬರ್ಸ್‌ಗೆ ನೀಲಗಿರಿ ಬೆಳೆಸಲು ಹುಲ್ಲುಗಾವಲುಗಳನ್ನು ವಹಿಸಿಕೊಟ್ಟುದರ ವಿರುದ್ಧ 1987ರಲ್ಲಿ ಕುಸನೂರಿನ ಜನ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು.

ಹಾಗಾದರೆ ಜಲಪರ್ಣಿಯೇ ಏಕಾಗಬಾರದು? ಅಡ್ಡಿ ನೀರಿನದು. ನೂರು ಕಿಲೋ ಹಸಿಗಿಡ ಒಣಗಿದರೆ ಉಳಿಯುವುದು 5ರಿಂದ 10 ಕಿಲೋ; ಅದರಲ್ಲಿಯೂ ಸೆಲ್ಯುಲೋಸಿನ ಪಾಲು ಮರದಲ್ಲಿರುವುದಕ್ಕಿಂತ ಬಹಳ ಕಡಿಮೆ. ಲಾರಿಯಲ್ಲಿ ಸಾಗಿಸುವುದೆಂದರೆ ನೀರನ್ನೇ ಸಾಗಿಸಿದಂತೆ. ಕೈಕಸುಬಿಗೆ ಮಾತ್ರ ಈ ಲೆಕ್ಕ ಅಡ್ಡಬರದು. ಅಸ್ಸಾಮಿನಲ್ಲಿ ಉದ್ದನೆಯ ಎಲೆದೇಟುಗಳನ್ನು ದಂಡೆಯಲ್ಲಿಯೇ ಒಣಗಿಸಿ, ಚೀಲ, ಬುಟ್ಟಿ, ಚಾಪೆಗಳನ್ನು ಹೆಣೆಯುತ್ತಾರೆ. ಠಾಣೆ ಜಿಲ್ಲೆಗೆ ಒಪ್ಪುವ ಮಾದರಿ ಇದೆಂದೇ ತೋರುತ್ತದೆ.

ಗೊಬ್ಬರದ ಮಾತು ಬೇರೆ. ಉಲ್ಹಾಸದಲ್ಲಿ ಈ ಗಿಡ ಕೊಬ್ಬುವುದು ಊರುಗಳ ಕೊಳಚೆಯಲ್ಲಿರುವ ಸಾರಜನಕ, ರಂಜಕಗಳಿಂದ. ಕಾರ್ಖಾನೆಯ ನೀರಿನಲ್ಲಿ ಸೀಸ, ಕ್ಯಾಡ್ಮಿಯಮ್‌ಗಳಿದ್ದರೆ ಅವನ್ನೂ ಹೀರಿ, ಹೆಚ್ಚಾಗಿ ಬೇರಿನಲ್ಲಿ ಕೂಡಿಡುವುದು ಇದರ ಸ್ವಭಾವ. ಪರೀಕ್ಷಿಸದೆ ಆ ಬೇರನ್ನು ತರಕಾರಿ ಮಡಿಗೆ ಹಾಕಿದರೆ, ನದಿಯ ವಿಷವನ್ನು ಅಡಿಗೆಮನೆಗೆ ಹೊತ್ತು ತಂದಂತಾದೀತು. ದೇಟನ್ನು ಹೆಣಿಗೆಗೆ ಬೇರ್ಪಡಿಸಿ, ಬೇರನ್ನು ಹೊಲದಿಂದ ದೂರವಿಡುವ ಏರ್ಪಾಡು ಮೊದಲಾಗಬೇಕು. ಅದಕ್ಕಿರುವ ಅವಧಿ ಮಳೆಗಾಲದವರೆಗೆ ಮಾತ್ರ. ನೆರೆ ಬಂದೊಡನೆ ರಾಶಿಗಟ್ಟಲೆ ಗಿಡ ಖಾಡಿಯ ಉಪ್ಪುನೀರಿಗೆ ತೇಲಿಹೋಗಿ ಸಾಯುತ್ತದೆ. ಮೇಲ್ದಂಡೆಯ ಕೆಸರಿನಲ್ಲಿ ಹುದುಗಿದ ಬೀಜಗಳು ಮಾತ್ರ ಹದಿನೈದು ವರ್ಷಗಳಾದರೂ ಮೊಳೆಯಬಲ್ಲವು.